ಐಬಾರ್‌ನ ಮೊದಲ ಲಾ ಲೀಗಾ: ಕಥೆ ನುಂಗಿದ ಆಟ

2014-15ರ ಲಾ ಲೀಗಾ ಅಂಕಪಟ್ಟಿಯಲ್ಲಿ ಐಬಾರ್ ತಂಡದ ಹೆಸರಿನ ಮುಂದೆ 35 ಅಂಕಗಳಿವೆ. ಅದರಲ್ಲಿ 27 ಬಂದದ್ದು ಮೊದಲ 19 ಪಂದ್ಯಗಳಲ್ಲಿ. ಉಳಿದ 19 ಪಂದ್ಯಗಳಲ್ಲಿ ದಕ್ಕಿದ್ದು ಎಂಟೇ ಎಂಟು. ಸ್ಪೇನ್‌ನ ಅಗ್ರ ದರ್ಜೆಗೆ ಮೊತ್ತಮೊದಲ ಸಲ ಕಾಲಿಟ್ಟ ತಂಡ ಅರ್ಧ ದಾರಿಯಲ್ಲಿ ಎಂಟನೇ ಸ್ಥಾನದಲ್ಲಿತ್ತು, ದಾರಿ ಮುಗಿಯುವ ಹೊತ್ತಿಗೆ ಹದಿನೆಂಟಕ್ಕೆ ಇಳಿದಿತ್ತು. ಆ ವರ್ಷ ಐಬಾರ್ ಬಗ್ಗೆ ಯುರೋಪಿನ ಪತ್ರಿಕೆಗಳು ಬರೆದದ್ದೇ ಬರೆದದ್ದು. ಊರು ಎಷ್ಟು ಚಿಕ್ಕದು, ಅಂಗಳ ಎಷ್ಟು ಇಕ್ಕಟ್ಟು, ಪಕ್ಕದ ಕಟ್ಟಡದವರು ಬಾಲ್ಕನಿಯಲ್ಲಿ ನಿಂತೇ ಪಂದ್ಯ ನೋಡುತ್ತಾರೆ ಎಂಬ ವಿವರಗಳಿಗೆ ಕೊರತೆಯಿರಲಿಲ್ಲ. ಆಟದ ಮಾತು ಮಾತ್ರ ಅವುಗಳ ನಡುವೆ ಎಲ್ಲೋ ಒಂದೆರಡು ಸಾಲು. ನನ್ನ ತಕರಾರು ಇರುವುದು ಇಲ್ಲೇ. ಚಿಕ್ಕವರೆಂಬ ಅಕ್ಕರೆಯ ಭರದಲ್ಲಿ ಆ ತಂಡದ ಮೊದಲಾರ್ಧದ ಕಸುಬುಗಾರಿಕೆಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿಲ್ಲ, ದ್ವಿತೀಯಾರ್ಧದ ತಪ್ಪುಗಳನ್ನು ಯಾರೂ ಗಟ್ಟಿಯಾಗಿ ಕೇಳಲೂ ಇಲ್ಲ. ಎರಡೂ ಅನ್ಯಾಯವೇ.

ಹಾಗೆಂದು ಊರನ್ನು ಬಿಟ್ಟು ತಂಡದ ಮಾತಾಡಲು ಆಗುವುದಿಲ್ಲ. ಐಬಾರ್ ಸ್ಪೇನ್‌ನ ಉತ್ತರದ ಬಾಸ್ಕ್ ಸೀಮೆಯ ಗಿಪುಸ್ಕೋವಾ ಪ್ರಾಂತ್ಯದಲ್ಲಿದೆ. ಬಿಲ್ಬಾವೊ ಮತ್ತು ಸಾನ್ ಸೆಬಾಸ್ಟಿಯನ್ ನಗರಗಳ ಹೆಚ್ಚುಕಡಿಮೆ ನಟ್ಟನಡುವೆ, ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆ. ಜನಸಂಖ್ಯೆ ಸುಮಾರು 27,000. ಸಮತಟ್ಟು ನೆಲ ಕಡಿಮೆಯಾದ್ದರಿಂದ ಮನೆ, ಕಾರ್ಖಾನೆ, ಅಂಗಡಿ ಎಲ್ಲವೂ ಒಂದರ ಮೇಲೊಂದು. ಶತಮಾನಗಳಿಂದ ಬಂದೂಕು ತಯಾರಿಕೆಯ ಊರು ಅದು. ಹಾಗಾಗಿಯೇ ತಂಡಕ್ಕೆ ‘ಅರ್ಮೇರೋಸ್’, ಅಂದರೆ ಕೋವಿ ಮಾಡುವವರು, ಎಂಬ ಅಡ್ಡಹೆಸರು. ಇಂದು ಸೈಕಲ್‌ಗೆ ಹೆಸರಾದ ಒರ್ಬೆಯಾ, ಬಿಎಚ್ ಕಂಪನಿಗಳು ಮೊದಲು ಇದೇ ಊರಿನಲ್ಲಿ ಕೋವಿ ಮಾಡುತ್ತಿದ್ದವು. ಕಾರ್ಮಿಕರೇ ಸೇರಿ ಕಟ್ಟಿದ ಆಲ್ಫಾ ಸಹಕಾರಿಯೂ ಪಿಸ್ತೂಲಿನಿಂದ ಹೊಲಿಗೆ ಯಂತ್ರಕ್ಕೆ ಬದಲಾಯಿತು. 1931ರ ಏಪ್ರಿಲ್ 14ರ ಬೆಳಗಿನ ಜಾವ ಸ್ಪೇನ್‌ನ ಬೇರೆಲ್ಲ ಊರುಗಳಿಗಿಂತ ಮೊದಲು ಗಣರಾಜ್ಯ ಘೋಷಿಸಿದ್ದು ಐಬಾರ್. ಅಂತರ್ಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಊರು ನೆಲಸಮವಾದ ಮೇಲೆ, 1940ರಲ್ಲಿ, ಎರಡು ಸ್ಥಳೀಯ ತಂಡಗಳನ್ನು ಸೇರಿಸಿ ಈ ಕ್ಲಬ್ ಹುಟ್ಟಿತು. 1947ರಲ್ಲಿ ಇಪುರುವಾ ಅಂಗಳ ತೆರೆಯಿತು. ಕೈಕಸುಬು, ಉಳಿತಾಯ, ಸಾಲಕ್ಕೆ ಅಂಜುವ ಗುಣ ಈ ಊರಿನ ಚರಿತ್ರೆಯಿಂದಲೇ ಕ್ಲಬ್ಬಿಗೆ ಬಂದದ್ದು.

ಲಾ ಲೀಗಾ ತಲುಪಲು ಐಬಾರ್ ಬಹಳ ಕಾಲ ಕಾಯಿತು. 2004-05ರಲ್ಲಿ ಹೋಸೆ ಲೂಯಿಸ್ ಮೆಂದಿಲಿಬಾರ್ ಕೋಚ್ ಆಗಿದ್ದಾಗ ಎರಡನೇ ದರ್ಜೆಯಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು, ಬಡ್ತಿ ಕೂದಲೆಳೆಯಲ್ಲಿ ತಪ್ಪಿತ್ತು. ವೆಲೆನ್ಸಿಯಾದಿಂದ ಎರವಲು ಬಂದಿದ್ದ ದಾವಿದ್ ಸಿಲ್ವಾ ಎಂಬ ಹುಡುಗ ಆ ತಂಡದಲ್ಲಿದ್ದರು. ಗೈಸ್ಕಾ ಗಾರಿತಾನೊ ಎಂಬ ಮಿಡ್‌ಫೀಲ್ಡರ್ ಕೂಡ ಇದ್ದರು. ಮುಂದೆ ತಂಡ ಮೂರನೇ ದರ್ಜೆಗೂ ಇಳಿಯಿತು. ಅಲ್ಲಿಂದ ಅದನ್ನು ಎತ್ತಿದವರು ಕೋಚ್ ಆಗಿ ಮರಳಿದ ಇದೇ ಗಾರಿತಾನೊ. 2013ರಲ್ಲಿ ಎರಡನೇ ದರ್ಜೆಗೆ ಬಡ್ತಿ, ಮರುವರ್ಷವೇ ಆ ದರ್ಜೆಯ ಚಾಂಪಿಯನ್ ಪಟ್ಟ. ಎರಡು ವರ್ಷದಲ್ಲಿ ಎರಡು ಮೆಟ್ಟಿಲು. ಇಷ್ಟನ್ನೂ ಸಾಧಿಸಿದ್ದು ಒಂದು ಪೈಸೆ ಸಾಲವಿಲ್ಲದೆ.

ಆದರೆ ಸಾಲವಿಲ್ಲದ ಈ ಕ್ಲಬ್ಬನ್ನೇ ಕಾನೂನು ಕುತ್ತಿಗೆಗೆ ಹಿಡಿಯಿತು. ವೃತ್ತಿಪರ ಕ್ಲಬ್‌ಗಳು ಷೇರು ಬಂಡವಾಳದ ಕಂಪನಿಗಳಾಗಬೇಕು ಎಂದು ಸ್ಪೇನ್ 1990ರಲ್ಲೇ ಕಾಯ್ದೆ ಮಾಡಿತ್ತು. 1999ರ ರಾಜಾಜ್ಞೆಯೊಂದು ಆ ಬಂಡವಾಳ ಎಷ್ಟಿರಬೇಕು ಎಂಬುದನ್ನೂ ಗೊತ್ತುಮಾಡಿತ್ತು: ಎರಡನೇ ದರ್ಜೆಯ ಕ್ಲಬ್‌ಗಳ ಸರಾಸರಿ ವೆಚ್ಚದ ಕಾಲು ಭಾಗ. ಐಬಾರ್ ಬಳಿ ಇದ್ದದ್ದು ಸುಮಾರು 4.22 ಲಕ್ಷ ಯೂರೊ. ಬೇಕಾದದ್ದು 21 ಲಕ್ಷಕ್ಕೂ ಹೆಚ್ಚು. ಕೊರತೆಯ ಸುಮಾರು 17.24 ಲಕ್ಷವನ್ನು 2014ರ ಆಗಸ್ಟ್ 6ರೊಳಗೆ ತುಂಬದಿದ್ದರೆ ಬಡ್ತಿಯ ಬದಲು ನೇರ ಮೂರನೇ ದರ್ಜೆಗೆ ತಳ್ಳುವ ಶಿಕ್ಷೆ. ಅಳತೆಗೋಲು ಯಾವುದು ನೋಡಿ. ನೀನು ಎಷ್ಟು ಸಾಲ ಮಾಡಿದ್ದೀಯ ಎಂದು ಯಾರೂ ಕೇಳಲಿಲ್ಲ. ಉಳಿದವರು ಖರ್ಚು ಮಾಡಿದಷ್ಟು ನಿನ್ನ ಗಂಟಿನಲ್ಲಿ ಇದೆಯೇ ಎಂದು ಕೇಳಿದರು. ಉಳಿದವರಲ್ಲಿ ಎಷ್ಟೋ ಮಂದಿ ಆ ಖರ್ಚನ್ನು ಸಾಲದಲ್ಲೇ ಮಾಡಿದವರು.

ಕ್ಲಬ್ ಅಧ್ಯಕ್ಷ ಅಲೆಕ್ಸ್ ಅರನ್ಸಾಬಾಲ್ ಮತ್ತು ಸಂಗಡಿಗರು ಈ ಹಣವನ್ನು ಒಬ್ಬ ಧನಿಕನಿಂದ ತರಬಹುದಿತ್ತು. ಹಾಗೆ ಮಾಡಲಿಲ್ಲ. 50 ಯೂರೊಗೆ ಒಂದು ಷೇರು, ಒಬ್ಬರಿಗೆ ಒಂದು ಲಕ್ಷ ಯೂರೊಗಿಂತ ಹೆಚ್ಚಿನ ಪಾಲು ಇಲ್ಲ ಎಂಬ ಮಿತಿ. ಐಬಾರ್ ಉಳಿಸಿ ಎಂಬ ಅಭಿಯಾನಕ್ಕೆ ಹಿಂದೆ ಎರವಲಾಗಿ ಇಲ್ಲಿ ಆಡಿ ಹೋಗಿದ್ದ ಷಾಬಿ ಅಲೊನ್ಸೊ, ದಾವಿದ್ ಸಿಲ್ವಾ ದನಿಗೂಡಿಸಿದರು. ಹತ್ತಾರು ದೇಶಗಳ ಸಾವಿರಾರು ಮಂದಿ ಷೇರು ಕೊಂಡರು. ಗಡುವಿಗೆ ಮುಂಚೆಯೇ ಮೊತ್ತ ತುಂಬಿತು. ಇದನ್ನು ಜನರ ಔದಾರ್ಯದ ಕಥೆಯಾಗಿ ಹೇಳುವುದು ಸುಲಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಒಂದು ಲಕ್ಷದ ಮಿತಿ. ಆಗಸ್ಟ್ ಆರರ ಕತ್ತಿ ತಲೆಯ ಮೇಲೆ ತೂಗುತ್ತಿರುವಾಗಲೂ ಕ್ಲಬ್ಬನ್ನು ಯಾರೊಬ್ಬರ ಕೈಗೂ ಒಪ್ಪಿಸುವುದಿಲ್ಲ ಎಂದು ನಿಂತದ್ದು ಆ ಇಡೀ ವರ್ಷದ ಅತ್ಯಂತ ದಿಟ್ಟ ತೀರ್ಮಾನ ಎಂದೇ ನನ್ನ ಎಣಿಕೆ. ವೆಲೆನ್ಸಿಯಾದಂಥ ಹಳೆಯ ದೊಡ್ಡ ಕ್ಲಬ್ ಅದೇ ವರ್ಷ ಸಿಂಗಪುರದ ಉದ್ಯಮಿಯೊಬ್ಬರ ಪಾಲಾಗುತ್ತಿತ್ತು ಎಂಬುದನ್ನು ಪಕ್ಕದಲ್ಲಿಟ್ಟರೆ ಐಬಾರ್‌ನ ನಿಲುವಿನ ತೂಕ ಗೊತ್ತಾಗುತ್ತದೆ.

ಇನ್ನು ಆಟ. 2014ರ ಆಗಸ್ಟ್ 24, ಇಪುರುವಾ. ಎದುರಾಳಿ ಅದೇ ಪ್ರಾಂತ್ಯದ ದೊಡ್ಡಣ್ಣ ರಿಯಲ್ ಸೊಸಿಯೆದಾದ್. ಅಂಗಳದಲ್ಲಿ ಆಗ ಐದು ಸಾವಿರ ಚಿಲ್ಲರೆ ಜನರಿಗಷ್ಟೇ ಜಾಗ. ಮೊದಲಾರ್ಧದ ಹೆಚ್ಚುವರಿ ಸಮಯ ಓಡುತ್ತಿದೆ. ಪೆನಾಲ್ಟಿ ಪೆಟ್ಟಿಗೆಯ ಹೊರಗೆ ಐಬಾರ್‌ಗೆ ಒಂದು ಫ್ರೀ ಕಿಕ್. ಹಾವಿ ಲಾರಾ ಚೆಂಡಿನ ಹಿಂದೆ ನಿಂತರು. ಅವರು ಒದ್ದ ಚೆಂಡು ಎದುರಾಳಿಗಳ ಗೋಡೆಯನ್ನು ದಾಟಿ ಬಲೆಗೆ ಬಿತ್ತು. ಅಗ್ರ ದರ್ಜೆಯಲ್ಲಿ ಐಬಾರ್‌ನ ಮೊದಲ ಗೋಲು, 1-0 ಅಂತರದ ಮೊದಲ ಗೆಲುವು. ಗೋಲಿಗಿಂತ ನನಗೆ ಮುಖ್ಯವಾದದ್ದು ನಂತರದ 45 ನಿಮಿಷ. ಮುನ್ನಡೆ ಸಿಕ್ಕ ಸಣ್ಣ ತಂಡಗಳು ಸಾಮಾನ್ಯವಾಗಿ ಹಿಂದೆ ಸರಿದು ತಮ್ಮ ಗೋಲಿನ ಮುಂದೆ ಗುಂಪುಗೂಡುತ್ತವೆ. ಐಬಾರ್ ಹಾಗೆ ಮುದುಡಲಿಲ್ಲ. ರಕ್ಷಣೆಯ ಸಾಲು ಮತ್ತು ಮಧ್ಯದ ಸಾಲಿನ ನಡುವಿನ ಅಂತರ ಹಿಗ್ಗದಂತೆ ನೋಡಿಕೊಂಡು, ಎರಡೂ ಸಾಲನ್ನು ಒಟ್ಟೊಟ್ಟಿಗೆ ಮುಂದೆ ಹಿಂದೆ ಸರಿಸುತ್ತ ಆಡಿತು. ಸೊಸಿಯೆದಾದ್ ಆ ದಿನ ಕಳಪೆಯಾಗಿ ಆಡಿತು ಎಂದು ತಳ್ಳಿಹಾಕಿದವರಿದ್ದಾರೆ. ಸರಿಯಾಗಿ ಒಂದು ವಾರದ ನಂತರ ಅದೇ ಸೊಸಿಯೆದಾದ್ ಯುರೋಪಿನ ಚಾಂಪಿಯನ್ ರಿಯಲ್ ಮ್ಯಾಡ್ರಿಡ್ ತಂಡವನ್ನು 4-2ರಿಂದ ಸೋಲಿಸಿತು. ಅಂದಮೇಲೆ ಐಬಾರ್‌ನ ಗೆಲುವನ್ನು ಎದುರಾಳಿಯ ಸೋಮಾರಿತನದ ಲೆಕ್ಕಕ್ಕೆ ಬರೆಯುವುದು ಹೇಗೆ?

ಗಾರಿತಾನೊ ಕಟ್ಟಿದ ಆಟ ಕಣ್ಣಿಗೆ ಹಬ್ಬವೇನಲ್ಲ. ಚೆಂಡನ್ನು ಗಂಟೆಗಟ್ಟಲೆ ಕಾಲಲ್ಲಿಟ್ಟುಕೊಂಡು ಪೋಣಿಸುವ ಸ್ಪೇನ್‌ನ ಆಗಿನ ಶೈಲಿಗೆ ಅದು ಬೆನ್ನು ತಿರುಗಿಸಿ ನಿಂತಿತ್ತು. ಮುಂದೆ ಮಿಕೆಲ್ ಅರ್ರುವಾಬರ್ರೇನಾ ಎಂಬ ಗಟ್ಟಿಮುಟ್ಟು ಸ್ಟ್ರೈಕರ್. ಹಿಂದಿನಿಂದ ಬರುವ ಉದ್ದ ಚೆಂಡನ್ನು ಎದೆಯಲ್ಲೋ ತಲೆಯಲ್ಲೋ ತಡೆದು ನಿಲ್ಲಿಸುವುದು ಅವರ ಕೆಲಸ. ಅಲ್ಲಿಂದ ಸಿಡಿದು ಬೀಳುವ ಚೆಂಡಿಗೆ ದಾನಿ ಗಾರ್ಸಿಯಾ ಮತ್ತು ಜೊತೆಗಾರರು ಎದುರಾಳಿಗಿಂತ ಅರೆಕ್ಷಣ ಮೊದಲೇ ಓಡಿ ಬಂದಿರುತ್ತಿದ್ದರು. ಈ ಎರಡನೇ ಚೆಂಡಿನ ಹೋರಾಟವೇ ತಂಡದ ಜೀವ. ಗೆದ್ದ ಚೆಂಡು ತಡವಿಲ್ಲದೆ ಅಂಚಿಗೆ, ಒಂದು ಬದಿಯಲ್ಲಿ ಆಂದರ್ ಕಾಪಾ, ಇನ್ನೊಂದು ಬದಿಯಲ್ಲಿ ಸೌಲ್ ಬೆರ್ಹೋನ್, ಅಲ್ಲಿಂದ ಕ್ರಾಸ್. ಕಾರ್ನರ್, ಫ್ರೀ ಕಿಕ್ ಸಿಕ್ಕರೆ ಡಿಫೆಂಡರ್ ರಾವುಲ್ ಅಲ್ಬೆಂತೋಸಾ ಹಿಂದಿನಿಂದ ಬಂದು ಹೆಡರ್‌ಗೆ ನಿಲ್ಲುತ್ತಿದ್ದರು. ಇಷ್ಟೇ ಸರಂಜಾಮು. ಆದರೆ ಇಷ್ಟನ್ನೇ ಇಡೀ ತಂಡ ಒಂದೇ ತಾಳದಲ್ಲಿ ಮಾಡಬೇಕಾದರೆ ಎಷ್ಟು ತಾಲೀಮು ಬೇಕು ಎಂಬುದು ಆಟ ಬಲ್ಲವರಿಗೆ ಗೊತ್ತು. ಕೋವಿಯ ಕುದುರೆ, ನಳಿಕೆ, ಸ್ಪ್ರಿಂಗುಗಳನ್ನು ಕೂದಲಷ್ಟೂ ವ್ಯತ್ಯಾಸವಾಗದಂತೆ ಅರದಿಂದ ಉಜ್ಜಿ ಕೂಡಿಸುವ ಆ ಊರಿನ ಕುಶಲಕರ್ಮಿಯ ಕೆಲಸದಂಥದೇ ಇದು. ಪವಾಡ ಎಂದು ಕರೆದರೆ ಆ ಶ್ರಮಕ್ಕೆ ಅವಮಾನ.

ಎರಡನೇ ವಾರ ಹಾಲಿ ಚಾಂಪಿಯನ್ ಅಟ್ಲೆಟಿಕೊ ಮ್ಯಾಡ್ರಿಡ್ ಎದುರು ಅವರದೇ ಅಂಗಳದಲ್ಲಿ 2-1 ಸೋಲು. ಎರಡು ಗೋಲು ಬಿಟ್ಟುಕೊಟ್ಟ ಮೇಲೂ ಅಬ್ರಹಾಮ್ ಒಂದನ್ನು ತಿರುಗಿಸಿ ಹೊಡೆದು ಕೊನೆಯವರೆಗೆ ಆತಂಕ ಉಳಿಸಿದರು. ಸೆಪ್ಟೆಂಬರ್‌ನಲ್ಲಿ ಎಲ್ಚೆ ಊರಿಗೆ ಹೋಗಿ 2-0 ಗೆಲುವು. ಈ ಎಲ್ಚೆ ಹೆಸರು ಮುಂದೆ ಮತ್ತೆ ಬರುತ್ತದೆ. ಅಕ್ಟೋಬರ್ 18ರಂದು ಬಾರ್ಸಿಲೋನಾದ ಕ್ಯಾಂಪ್ ನೌ ಅಂಗಳ. ಅಂಕಿಗಳಲ್ಲಿ ಅದು 3-0 ಸೋಲು, ಶಾವಿ, ನೇಮರ್, ಮೆಸ್ಸಿ ತಲಾ ಒಂದು ಗೋಲು. ಆದರೆ ಪಂದ್ಯ ಒಂದು ಗಂಟೆ ಮುಟ್ಟುವವರೆಗೂ ಗೋಲಿಲ್ಲ. ಆ ಒಂದು ಗಂಟೆಯ ಆಟವನ್ನು ಇಂದಿಗೂ ಯಾವ ತರುಣ ಕೋಚ್ ಆದರೂ ಕೂತು ನೋಡಬೇಕು. ಚೆಂಡು ಎಲ್ಲಿದೆ ಎಂಬುದಕ್ಕಿಂತ ಜೊತೆಗಾರ ಎಲ್ಲಿದ್ದಾನೆ ಎಂಬುದನ್ನು ಗಮನಿಸುತ್ತ ಹನ್ನೊಂದು ಮಂದಿ ಹೇಗೆ ಸರಿದಾಡಬೇಕು ಎಂಬುದಕ್ಕೆ ಅದು ಪಾಠ. ನವೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಇಪುರುವಾಕ್ಕೆ ಬಂದು 4-0ರಿಂದ ಗೆದ್ದು ಹೋಯಿತು. ಅಲ್ಲಿ ಆಟದ ಅಂತರ ಎದ್ದು ಕಂಡಿತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಡಿಸೆಂಬರ್ ಆರಂಭದಲ್ಲಿ ಆಲ್ಮೆರಿಯಾ ವಿರುದ್ಧ 5-2 ಗೆಲುವು. ಜನವರಿ ಬರುವಷ್ಟರಲ್ಲಿ ಮ್ಯಾಡ್ರಿಡ್, ಬಾರ್ಸಿಲೋನಾ ಬಿಟ್ಟರೆ ಐಬಾರ್‌ಗೆ ಎದುರು ನಿಲ್ಲಲಾಗದ ತಂಡವೇ ಇಲ್ಲವೇನೋ ಎನ್ನಿಸುವಂತಾಗಿತ್ತು.

ಈ ಹೊತ್ತಿಗೆ ಹೊಗಳಿಕೆಯ ಮಳೆ ಸುರಿಯುತ್ತಿತ್ತು. ಸ್ಕಾಟ್ಲೆಂಡಿನ ಹೆಸರಿಟ್ಟುಕೊಂಡು, ಸ್ಕಾಟಿಷ್ ಲಂಗ ತೊಟ್ಟು ಹಾಡುವ ಬೆಂಬಲಿಗರ ಬಳಗದ ಚಿತ್ರಗಳು ಎಲ್ಲೆಲ್ಲೂ ಬಂದವು. ಆ ಬಳಗದ ಉತ್ಸಾಹ ನಿಜಕ್ಕೂ ಸೊಗಸಾದದ್ದೇ. ಆದರೆ ಪ್ರೀತಿಗೂ ಒಂದು ಅಪಾಯವಿದೆ. ಇಷ್ಟು ಪುಟ್ಟ ತಂಡ ಇಷ್ಟು ಮಾಡಿದ್ದೇ ಹೆಚ್ಚು ಎಂಬ ಮಾತು ಎಲ್ಲ ದಿಕ್ಕಿನಿಂದ ಕೇಳತೊಡಗಿದಾಗ, ಇನ್ನೇನು ಮಾಡಬಹುದು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. 27 ಅಂಕ ಸಿಕ್ಕಿದೆ, ಉಳಿಯಲು ಇನ್ನೊಂದು ಹತ್ತು ಹನ್ನೆರಡು ಸಿಕ್ಕರೆ ಸಾಕು, ಅದೇನು ದೊಡ್ಡದು ಎಂಬ ಭಾವ ಆ ಜನವರಿಯ ಎಲ್ಲ ಬರಹಗಳಲ್ಲಿತ್ತು. ಆ ಭಾವ ತಂಡದೊಳಕ್ಕೂ ಇಳಿಯಿತು ಎಂದು ಫೆಬ್ರವರಿ, ಮಾರ್ಚ್ ತಿಂಗಳ ಪಂದ್ಯಗಳನ್ನು ನೋಡಿದಾಗ ಅನ್ನಿಸದೆ ಇರುವುದಿಲ್ಲ.

ಜನವರಿಯಲ್ಲಿ ಅಲ್ಬೆಂತೋಸಾ ತಂಡ ಬಿಟ್ಟರು. ಹೋದದ್ದು ಯಾವುದೋ ದೊಡ್ಡ ಕ್ಲಬ್ಬಿಗಲ್ಲ, ಇಂಗ್ಲೆಂಡಿನ ಎರಡನೇ ದರ್ಜೆಯ ಡರ್ಬಿ ಕೌಂಟಿಗೆ. ಸ್ಪೇನ್‌ನ ಅಗ್ರ ದರ್ಜೆಯಲ್ಲಿ ಎಂಟನೇ ಸ್ಥಾನದಲ್ಲಿರುವ ತಂಡದ ಮುಖ್ಯ ಡಿಫೆಂಡರ್ ಇಂಗ್ಲೆಂಡಿನ ಎರಡನೇ ದರ್ಜೆಗೆ ಹೋಗುತ್ತಾರೆ ಎಂದರೆ ಆಗಿನ ಹಣದ ಹಂಚಿಕೆ ಎಷ್ಟು ಸೊಟ್ಟಗಿತ್ತು ಎಂದು ಬೇರೆ ಹೇಳಬೇಕಿಲ್ಲ. ಆ ವರ್ಷದವರೆಗೂ ಸ್ಪೇನ್‌ನಲ್ಲಿ ಪ್ರತಿ ಕ್ಲಬ್ ತನ್ನ ಟಿವಿ ಹಕ್ಕನ್ನು ತಾನೇ ಮಾರಿಕೊಳ್ಳಬೇಕಿತ್ತು. ಮ್ಯಾಡ್ರಿಡ್, ಬಾರ್ಸಿಲೋನಾ ವರ್ಷಕ್ಕೆ ತಲಾ ಸುಮಾರು 14 ಕೋಟಿ ಯೂರೊ ಎಣಿಸಿಕೊಳ್ಳುತ್ತಿದ್ದರೆ ಕೆಳಗಿನವರಿಗೆ ಅದರ ಸಣ್ಣ ಚೂರು. ಎಲ್ಲರ ಹಕ್ಕನ್ನು ಒಟ್ಟಿಗೆ ಮಾರಿ ಹಂಚಬೇಕೆಂಬ ಸರ್ಕಾರದ ಸುಗ್ರೀವಾಜ್ಞೆ ಬಂದದ್ದು 2015ರ ಏಪ್ರಿಲ್ 30ರಂದು. ಐಬಾರ್‌ಗೆ ಆ ವರ್ಷ ಅದರಿಂದ ಉಪಯೋಗವಾಗಲಿಲ್ಲ.

ಇದೆಲ್ಲ ನಿಜ. ಆದರೂ ಕುಸಿತದ ಹೊಣೆಯನ್ನು ಪೂರ್ತಿ ಹಣದ ಮೇಲೆ ಹೊರಿಸಲು ನಾನು ತಯಾರಿಲ್ಲ. ಗಾರಿತಾನೊ ನಂಬಿದ್ದು ತಮ್ಮ ಜೊತೆ ಕೆಳಗಿನಿಂದ ಹತ್ತಿ ಬಂದ ಹದಿಮೂರು ಹದಿನಾಲ್ಕು ಮಂದಿಯನ್ನು. ಮೂರನೇ ದರ್ಜೆಯಿಂದ ಜೊತೆಗಿದ್ದವರಿಗೆ ನಿಷ್ಠೆ ತೋರುವುದು ಒಳ್ಳೆಯ ಮನುಷ್ಯನ ಲಕ್ಷಣ. ಆದರೆ ಎರಡನೇ ಚೆಂಡಿನ ಹಿಂದೆ ಓಡುವ ಆಟ ಕಾಲುಗಳನ್ನು ಬೇಗ ತಿಂದುಹಾಕುತ್ತದೆ. ಅದೇ ಕಾಲುಗಳು ಮಾರ್ಚ್‌ನಲ್ಲಿ ಅರೆಕ್ಷಣ ತಡವಾಗಿ ಬರತೊಡಗಿದವು. ಮೊದಲು ತಮಗೆ ಸಿಗುತ್ತಿದ್ದ ಚೆಂಡು ಈಗ ಎದುರಾಳಿಗೆ. ಜೊತೆಗೆ ಎದುರಾಳಿ ಕೋಚ್‌ಗಳೂ ಅಷ್ಟರಲ್ಲಿ ಓದಿಕೊಂಡಿದ್ದರು: ಅರ್ರುವಾಬರ್ರೇನಾ ಪಕ್ಕ ಇಬ್ಬರನ್ನು ನಿಲ್ಲಿಸು, ಅಂಚುಗಳನ್ನು ಮುಚ್ಚು, ಅನಗತ್ಯ ಫ್ರೀ ಕಿಕ್ ಕೊಡಬೇಡ. ಇಷ್ಟು ಮಾಡಿದರೆ ಐಬಾರ್ ಬಳಿ ಬೇರೆ ದಾರಿ ಇರಲಿಲ್ಲ. ಮಧ್ಯದಲ್ಲಿ ಚೆಂಡು ಹಿಡಿದು ಪಂದ್ಯದ ವೇಗ ತಗ್ಗಿಸುವ, ದಣಿದ ತಂಡಕ್ಕೆ ಉಸಿರಾಡಲು ಬಿಡುವು ಕೊಡುವ ಆಟ ಅದು ಕಲಿತೇ ಇರಲಿಲ್ಲ. ಗೆಲ್ಲುತ್ತಿದ್ದ ನವೆಂಬರ್, ಡಿಸೆಂಬರ್‌ನಲ್ಲಿ ಕಲಿಸಬೇಕಿತ್ತು. ಸೋಲುತ್ತಿರುವಾಗ ಹೊಸದನ್ನು ಕಲಿಸುವುದು ಯಾವ ಕೋಚ್‌ಗೂ ಕಷ್ಟ. ಗಾರಿತಾನೊ ಅವರ ದೊಡ್ಡ ಕೊರತೆ ಇದೇ ಎಂದು ನನ್ನ ತೀರ್ಮಾನ. ಅಂಕ ಬರುತ್ತಿದ್ದಾಗ ಅವರು ತಮ್ಮ ಆಟವನ್ನು ಅನುಮಾನದಿಂದ ನೋಡಲಿಲ್ಲ.

ಈ ಸೋಲುಗಳ ನಡುವೆಯೇ ಆಲ್ಮೆರಿಯಾದಲ್ಲಿ ಒಂದು ಪ್ರಸಂಗ ನಡೆಯಿತು. ಪಂದ್ಯದ ನಂತರದ ಪತ್ರಿಕಾಗೋಷ್ಠಿಯಲ್ಲಿ ಬಾಸ್ಕ್ ಸೀಮೆಯ ವರದಿಗಾರರ ಪ್ರಶ್ನೆಗೆ ಗಾರಿತಾನೊ ಬಾಸ್ಕ್ ಭಾಷೆಯಲ್ಲಿ ಉತ್ತರ ಕೊಡತೊಡಗಿದರು. ಸ್ಥಳೀಯ ಪತ್ರಕರ್ತರು ಆಕ್ಷೇಪ ಎತ್ತಿದರು. ಗಾರಿತಾನೊ ಎದ್ದು ಹೊರನಡೆದರು. ತನ್ನ ಊರಿನ ರೇಡಿಯೊ ಕೇಳುವವರಿಗೆ ತನ್ನ ಭಾಷೆಯಲ್ಲಿ ಎರಡು ಮಾತು ಹೇಳುವುದಕ್ಕೂ ತಡೆ ಎಂದರೆ ಎದ್ದು ಹೋಗುವುದೇ ಸರಿ. ಕನ್ನಡದಲ್ಲಿ ಬರೆಯುವ ನನಗೆ ಈ ವಿಷಯದಲ್ಲಿ ಎರಡನೇ ಯೋಚನೆಯಿಲ್ಲ. ಸತತ ಸೋಲಿನಿಂದ ಬಳಲಿದ್ದ ಹೊತ್ತಿನಲ್ಲೂ ಅವರು ಆ ಘನತೆಯನ್ನು ಬಿಟ್ಟುಕೊಡಲಿಲ್ಲ. ಅವರ ತಂಡದ ಆಟವನ್ನು ಟೀಕಿಸುವಾಗಲೂ ಆ ಮನುಷ್ಯನ ಮೇಲಿನ ಗೌರವ ನನಗೆ ಕಡಿಮೆಯಾಗದಿರುವುದಕ್ಕೆ ಇಂಥವೇ ಕಾರಣ.

ಮೇ 23, ಕೊನೆಯ ದಿನ. ಆಗಲೇ ಹಿಂಬಡ್ತಿ ಖಚಿತವಾಗಿದ್ದ ಕೊರ್ದೊಬಾ ವಿರುದ್ಧ ಇಪುರುವಾದಲ್ಲಿ ಐಬಾರ್ 3-0ರಿಂದ ಗೆದ್ದಿತು. ಮಾಡಬೇಕಾದದ್ದನ್ನು ಮಾಡಿ ಮುಗಿಸಿ, ಬೇರೆ ಅಂಗಳಗಳ ಸುದ್ದಿಗೆ ಕಿವಿಗೊಟ್ಟು ನಿಂತಿತು. ಕ್ಯಾಂಪ್ ನೌನಲ್ಲಿ ದೆಪೊರ್ತಿವೊ ಲಾ ಕೊರುನ್ಯಾ ಸೋತರೆ ಐಬಾರ್ ಉಳಿಯುವ ದಾರಿ ತೆರೆಯುತ್ತಿತ್ತು. ಅಲ್ಲಿ ಮೆಸ್ಸಿ ಎರಡು ಗೋಲು ಹೊಡೆದಾಗಿತ್ತು. ಆದರೆ ಲೀಗ್ ಆಗಲೇ ಗೆದ್ದಿದ್ದ ಬಾರ್ಸಿಲೋನಾಕ್ಕೆ ಅದು ಶಾವಿ ಅವರ ಬೀಳ್ಕೊಡುಗೆಯ ಸಂಜೆ. ದ್ವಿತೀಯಾರ್ಧದಲ್ಲಿ ದೆಪೊರ್ತಿವೊ ಎರಡೂ ಗೋಲು ತೀರಿಸಿ 2-2 ಮಾಡಿಕೊಂಡಿತು. ಗ್ರಾನಾದಾ ಅಟ್ಲೆಟಿಕೊ ಎದುರು ಗೋಲಿಲ್ಲದ ಡ್ರಾ ಸಾಧಿಸಿತು. ದೆಪೊರ್ತಿವೊ, ಗ್ರಾನಾದಾ, ಐಬಾರ್ ಮೂವರಿಗೂ 35 ಅಂಕ. ಅಂಕ ಸಮವಾದಾಗ ಸ್ಪೇನ್‌ನಲ್ಲಿ ನೋಡುವುದು ಪರಸ್ಪರ ಪಂದ್ಯಗಳ ಫಲಿತಾಂಶವನ್ನು. ಆ ಲೆಕ್ಕದಲ್ಲಿ ಐಬಾರ್ ಹಿಂದೆ ಬಿತ್ತು. ಸೆಪ್ಟೆಂಬರ್‌ನಲ್ಲಿ, ಎಲ್ಲರೂ ಬೆನ್ನು ತಟ್ಟುತ್ತಿದ್ದ ದಿನಗಳಲ್ಲಿ, ಇದೇ ದೆಪೊರ್ತಿವೊಗೆ ತವರಿನಲ್ಲಿ 1-0ರಿಂದ ಸೋತದ್ದು ಆಗ ಯಾರ ಗಮನಕ್ಕೂ ಬಂದಿರಲಿಲ್ಲ. ದೊಡ್ಡವರ ಎದುರಿನ ಸೋಲು ಗೆಲುವಿಗಿಂತ ಸಮಬಲದವರ ಎದುರಿನ ತವರಿನ ಪಂದ್ಯಗಳೇ ಸಣ್ಣ ತಂಡದ ಹಣೆಬರಹ ಬರೆಯುವುದು. ಪತ್ರಿಕೆಗಳು ಕ್ಯಾಂಪ್ ನೌ ಪಂದ್ಯಕ್ಕೆ ಕೊಟ್ಟ ಜಾಗದಲ್ಲಿ ಹತ್ತನೇ ಒಂದು ಪಾಲನ್ನೂ ಆ ಪಂದ್ಯಕ್ಕೆ ಕೊಟ್ಟಿರಲಿಲ್ಲ.

ಐಬಾರ್ ಕೆಳಗಿಳಿಯಿತು ಎಂದು ಎಲ್ಲರೂ ಬರೆದು ಮುಗಿಸಿದರು. ಎರಡು ವಾರ ತುಂಬುವ ಮೊದಲೇ, ಜೂನ್ 5ರಂದು, ಲೀಗ್ ಆಡಳಿತ ಎಲ್ಚೆ ಕ್ಲಬ್ಬನ್ನು ಎರಡನೇ ದರ್ಜೆಗೆ ಇಳಿಸಿತು. ಎಲ್ಚೆ 41 ಅಂಕಗಳೊಂದಿಗೆ ಹದಿಮೂರನೇ ಸ್ಥಾನ ಪಡೆದಿತ್ತು. ಅಂಗಳದಲ್ಲಿ ಅದು ಉಳಿದುಕೊಂಡಿತ್ತು, ಕೆಳಗೆ ತಳ್ಳಿದ್ದು ತೆರಿಗೆ ಇಲಾಖೆಗೆ ಉಳಿಸಿಕೊಂಡ ಬಾಕಿ. ತೆರವಾದ ಜಾಗ ಐಬಾರ್‌ಗೆ ಸಿಕ್ಕಿತು. ಪ್ರಾಮಾಣಿಕತೆಗೆ ಕೊನೆಗೂ ಫಲ ಸಿಕ್ಕಿತು ಎಂದು ಬರೆದವರು ಬಹಳ. ನನಗೆ ಅದನ್ನು ಒಪ್ಪಲು ಆಗುವುದಿಲ್ಲ. ಎಲ್ಚೆಯ ಆಟಗಾರರು, ಕೋಚ್ ಬೆವರು ಸುರಿಸಿ 41 ಅಂಕ ಗಳಿಸಿದ್ದರು. ಬಾಕಿ ಉಳಿಸಿದ್ದು ಆಡಳಿತ ಮಂಡಳಿ, ಶಿಕ್ಷೆ ಉಂಡದ್ದು ಆಟಗಾರರು ಮತ್ತು ಆ ಊರಿನ ಜನ. ಹಾಗೆಂದು ಸಾಲಗಾರರನ್ನು ಸುಮ್ಮನೆ ಬಿಡಬೇಕೆಂದಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಒಂದೇ ಲೀಗ್, ಹತ್ತು ತಿಂಗಳ ಅಂತರದಲ್ಲಿ, ಸಾಲವಿಲ್ಲದ ಕ್ಲಬ್ಬಿಗೆ ನಿನ್ನ ಬಂಡವಾಳ ಸಾಲದು ಎಂದು ಗಡುವು ಕೊಟ್ಟಿತು, ಸಾಲದಲ್ಲಿ ಮುಳುಗಿದ ಕ್ಲಬ್ಬನ್ನು ಮಾತ್ರ 38 ಪಂದ್ಯ ಪೂರ್ತಿ ಆಡಲು ಬಿಟ್ಟು ಕೊನೆಗೆ ಇಳಿಸಿತು. ಲೆಕ್ಕಪತ್ರ ನೋಡುವ ಕೆಲಸ ಆಗಸ್ಟ್‌ನಲ್ಲೇ ಎರಡೂ ಕಡೆ ಒಂದೇ ಕಣ್ಣಿನಿಂದ ಆಗಿದ್ದರೆ ಎಲ್ಚೆ ಆಟಗಾರರಿಗೆ ಈ ಗತಿ ಬರುತ್ತಿರಲಿಲ್ಲ, ಐಬಾರ್‌ಗೂ ಇನ್ನೊಬ್ಬರ ಕುಸಿತದಿಂದ ಉಳಿದವರೆಂಬ ಹೆಸರು ಅಂಟುತ್ತಿರಲಿಲ್ಲ.

ಉಳಿದ ಐಬಾರ್ ಆ ಅವಕಾಶವನ್ನು ಬಳಸಿಕೊಂಡ ರೀತಿಗೆ ಮಾತ್ರ ಪೂರ್ಣ ಅಂಕ ಕೊಡಬೇಕು. ಗಾರಿತಾನೊ ಆ ಬೇಸಿಗೆಯಲ್ಲಿ ಹುದ್ದೆ ಬಿಟ್ಟರು. ಹತ್ತು ವರ್ಷದ ಹಿಂದೆ ಬಡ್ತಿ ತಪ್ಪಿಸಿಕೊಂಡಿದ್ದ ಮೆಂದಿಲಿಬಾರ್ ಮರಳಿ ಬಂದರು. ಅವರು ರಕ್ಷಣೆಯ ಸಾಲನ್ನು ಇನ್ನಷ್ಟು ಮುಂದಕ್ಕೆ ತಳ್ಳಿ, ಎದುರಾಳಿಯ ಅರ್ಧದಲ್ಲೇ ಚೆಂಡು ಕಸಿಯುವ ಆಟ ಕಟ್ಟಿದರು. ಜರ್ಮನಿಯಲ್ಲಿ ಆಡುತ್ತಿದ್ದ ಜಪಾನಿನ ತಕಾಶಿ ಇನುಯಿ ಅವರಂಥ, ಕಾಲಲ್ಲಿ ಚೆಂಡು ನಿಲ್ಲಿಸಬಲ್ಲ ಆಟಗಾರರನ್ನು ಕ್ಲಬ್ ಹುಡುಕಿ ತಂದಿತು. ಮೊದಲ ವರ್ಷದ ತಂಡಕ್ಕೆ ಇಲ್ಲದಿದ್ದದ್ದು ಇದೇ. ಅಂಗಳವನ್ನು ಎಂಟು ಸಾವಿರಕ್ಕೂ ಹೆಚ್ಚು ಮಂದಿ ಕೂರುವಂತೆ ಹಿಗ್ಗಿಸಿದರು, ಸಾಲ ಮಾಡಲಿಲ್ಲ. 2015-16ರಲ್ಲಿ ಹದಿನಾಲ್ಕು, ಮರುವರ್ಷ ಹತ್ತು, 2017-18ರಲ್ಲಿ ಒಂಬತ್ತನೇ ಸ್ಥಾನ. 2018ರ ನವೆಂಬರ್‌ನಲ್ಲಿ ಇಪುರುವಾದಲ್ಲಿ ರಿಯಲ್ ಮ್ಯಾಡ್ರಿಡ್‌ಗೆ 3-0 ಸೋಲಿನ ರುಚಿ ತೋರಿಸಿತು. ಒಟ್ಟು ಏಳು ವರ್ಷ ಅಗ್ರ ದರ್ಜೆಯಲ್ಲಿ ಬಾಳಿ 2021ರಲ್ಲಿ ಕೆಳಗಿಳಿಯಿತು. ಚಿಕ್ಕ ಊರು ಎಂಬ ಮಾತಿನಿಂದ ಏಳು ವರ್ಷವನ್ನು ವಿವರಿಸಲು ಬರುವುದಿಲ್ಲ. ಆಟಗಾರರನ್ನು ಆರಿಸುವ ಕಣ್ಣು, ಕೋಚ್ ಮೇಲೆ ಇಟ್ಟ ತಾಳ್ಮೆ, ಹಿಡಿತದ ಖರ್ಚು, ಈ ಮೂರರಿಂದ ಬರುತ್ತದೆ.

2021ರಲ್ಲಿ ತಂಡ ಎರಡನೇ ದರ್ಜೆಗೆ ಮರಳಿದಾಗ ಕ್ಲಬ್ ಮತ್ತೆ ಕರೆದದ್ದು ಗಾರಿತಾನೊ ಅವರನ್ನೇ. ತಂಡ ವರ್ಷದುದ್ದಕ್ಕೂ ಮೇಲಿನ ಸ್ಥಾನಗಳಲ್ಲೇ ಇತ್ತು. 2022ರ ಮೇ ತಿಂಗಳ ಕೊನೆಯ ಪಂದ್ಯದಲ್ಲಿ, ಆಗಲೇ ಹಿಂಬಡ್ತಿ ಪಡೆದು ಕೂತಿದ್ದ ಆಲ್ಕೊರ್ಕೊನ್ ವಿರುದ್ಧ ಗೆದ್ದಿದ್ದರೆ ನೇರ ಬಡ್ತಿ. ಪಂದ್ಯದ ಹೆಚ್ಚುವರಿ ಸಮಯದಲ್ಲಿ ಗೋಲು ಬಿಟ್ಟುಕೊಟ್ಟು 1-0ರಿಂದ ಸೋತಿತು, ನಂತರದ ಪ್ಲೇಆಫ್‌ನಲ್ಲೂ ಜಿರೋನಾ ಎದುರು ಹೊರಬಿತ್ತು. ಗಾರಿತಾನೊ ಅವರ ತಂಡಗಳು ಚಳಿಗಾಲದ ಹೊತ್ತಿಗೆ ತಮ್ಮ ಶಕ್ತಿಯ ತುದಿ ಮುಟ್ಟಿಬಿಡುತ್ತವೆ ಎಂಬ 2014-15ರ ಗುಮಾನಿ ನನಗೆ ಆ ದಿನ ಬಲವಾಯಿತು. ಎರಡನೇ ದರ್ಜೆಯಲ್ಲಿ, ಹಣದಲ್ಲಿ ಯಾರಿಗೂ ಕಡಿಮೆಯಿಲ್ಲದ ಸ್ಥಿತಿಯಲ್ಲಿ ಆದ ಈ ಜಾರುವಿಕೆಗೆ ಬಡತನದ ನೆಪವಿಲ್ಲ. ಹಾಗಾಗಿ ಮೊದಲ ವರ್ಷದ ಆ ಎಂಟು ಅಂಕಗಳನ್ನೂ ಬಡತನದ ಲೆಕ್ಕದಲ್ಲಿ ಬರೆದು ಕೈತೊಳೆದುಕೊಳ್ಳುವುದು ತಪ್ಪು, ಆ 27 ಅಂಕಗಳನ್ನು ಅದೃಷ್ಟದ ಲೆಕ್ಕದಲ್ಲಿ ಬರೆಯುವುದು ಎಷ್ಟು ತಪ್ಪೋ ಅಷ್ಟೇ.